ಆರು ದಿನದ ತಿಂಡಿಗೆ ಆರು ತಿಂಗಳ ಕವರು ಯಾಕೆ?

ಸಂಪಾದಕರಿಗೆ ನಮಸ್ಕಾರ.

ಮಳೆ ಹಿಡಿಯುವ ಮೊದಲು, ಮೇ ಕೊನೆಗೆ, ನಮ್ಮ ಮನೆ ಹಿಂದಿನ ಗುಡ್ಡದ ಸುರಂಗದ ಬಾಯಿ ಸ್ವಚ್ಛ ಮಾಡುವುದು ಪ್ರತಿ ವರ್ಷದ ಕೆಲಸ. ಕೇರಳ, ಕರ್ನಾಟಕದ ಗಡಿನಾಡಾದ ನಮ್ಮ ಕಾಸರಗೋಡಿನವರಿಗೆ ಸುರಂಗ ಏನು ಅಂತ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಒಂದು ಮಾತು: ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಮಾಟೆ ಅದು, ಒಬ್ಬ ಮನುಷ್ಯ ಬಗ್ಗಿ ಒಳಗೆ ಹೋಗುವಷ್ಟು ಅಗಲ, ಕಲ್ಲಿನಿಂದ ಜಿನುಗಿದ ನೀರು ಪಂಪು ಗಿಂಪು ಏನೂ ಇಲ್ಲದೆ ತಾನಾಗಿಯೇ ಹರಿದು ಹೊರಗೆ ಬರುತ್ತದೆ. ನಮ್ಮ ಮನೆಯ ಕುಡಿಯುವ ನೀರು ಅದೇ. ತೋಟಕ್ಕೂ ಅದೇ.

ಕಳೆದ ವರ್ಷ ನೀರು ಬಂದು ಬೀಳುವ ಜಾಗದ ಕೆಸರಿನಲ್ಲಿ ಒಂದು ಪ್ಲಾಸ್ಟಿಕ್ ತೊಟ್ಟೆ ಸಿಕ್ಕಿತು. ಎಳೆದು, ಅದೇ ನೀರಲ್ಲಿ ತೊಳೆದೆ. ಒಳಮೈ ಬೆಳ್ಳಿಯ ಹಾಗೆ ಹೊಳೆಯಿತು. ತಿರುಗಿಸಿ ನೋಡಿದರೆ ನಮ್ಮದೇ ಹಲಸಿನ ಸೋಂಟೆಯ, ಅಂದರೆ ಹಲಸಿನ ಚಿಪ್ಸಿನ ಕವರು. ನಾವು ಐದು ಜನ ಹೆಂಗಸರು ಸೇರಿ ಹಪ್ಪಳ, ಸೋಂಟೆ, ಮಾಂಬಳ (ಮಾವಿನ ರಸ ಒಣಗಿಸಿದ್ದು), ಮಿಡಿ ಉಪ್ಪಿನಕಾಯಿ ಮಾಡಿ ಮಾರುತ್ತೇವೆ, ನಮ್ಮ ಗುಂಪಿನ ಹೆಸರೇ ಅದರ ಮೇಲಿತ್ತು. ತಾರೀಕಿನ ಠಸ್ಸೆ ಅಳಿಸಿ ಹೋಗಿತ್ತು, ಆದರೆ ಆ ಚಿತ್ರದ ಕವರು ನಾವು ತರಿಸಿದ್ದು 2021ರಲ್ಲಿ ಒಂದೇ ಸಲ. ಹಲಸಿನ ಚಿತ್ರದ ಹಸಿರು ಇನ್ನೂ ಹಾಗೇ ಇತ್ತು. ಗುಡ್ಡದ ಮೇಲಿನ ರಸ್ತೆಯಲ್ಲಿ ಯಾರೋ ತಿಂದು ಎಸೆದದ್ದು ಇರಬೇಕು, ಮಳೆ ನೀರಿನ ಜೊತೆ ಇಳಿದು ಬಂದಿದೆ. ಎಸೆದವರನ್ನು ಬೈಯಬಹುದು. ಆದರೆ ಆ ಕವರನ್ನು ಆರಿಸಿ, ದುಡ್ಡು ಕೊಟ್ಟು ತರಿಸಿ, ಸೀಲ್ ಮಾಡಿದ್ದು ನನ್ನ ಕೈ. ಅದಕ್ಕೇ ಈ ಪತ್ರ.

ಇದಾಗಿ ಕೆಲವು ವಾರದಲ್ಲಿ ಊರಿನ ಒಂದು ಸಭೆಗೆ ಹೋಗಿದ್ದೆ. ಅಲ್ಲಿ ಒಬ್ಬರು ಎದ್ದು ನಿಂತು, ತಿಂಡಿ ಮಾಡುವವರೆಲ್ಲ ನಾಳೆಯಿಂದಲೇ ಪ್ಲಾಸ್ಟಿಕ್ ಬಿಟ್ಟು ಕಾಗದದ ಕವರಿಗೆ ಬರಬೇಕು ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮನೆಗೆ ಬರುವ ದಾರಿಯಲ್ಲಿ ಮಾತ್ರ ಮನಸ್ಸಿಗೆ ಸಮಾಧಾನ ಇರಲಿಲ್ಲ. ಯಾಕೆಂದರೆ ಕಾಗದದ ಕವರು ನಾವು ನೋಡಿ ಆಗಿದೆ, ಅದರಲ್ಲಿ ಪೆಟ್ಟೂ ತಿಂದಾಗಿದೆ.

ಎರಡು ವರ್ಷದ ಹಿಂದೆ ದೂರದ ಒಂದು ಊರಿನ ವ್ಯಾಪಾರಿಯಿಂದ ಕಂದು ಬಣ್ಣದ ಕಾಗದದ ಕವರು ತರಿಸಿದೆವು. ನೋಡಲು ಬಹಳ ಚಂದ. ಹಪ್ಪಳಕ್ಕೆ ಇದೇ ಸಾಕು, ಒಂದು ವರ್ಷ ಏನೂ ಆಗುವುದಿಲ್ಲ ಅಂತ ಫೋನಿನಲ್ಲಿ ಹೇಳಿದ್ದರು. ಏಪ್ರಿಲ್ ಬಿಸಿಲಿಗೆ ಗರಿಗರಿ ಒಣಗಿದ ಹಪ್ಪಳ, ನಲವತ್ತು ಕಿಲೋದಷ್ಟು, ಅದರಲ್ಲಿ ಕಟ್ಟಿ ಇಟ್ಟೆವು. ಆಟಿಯಲ್ಲಿ, ಅಂದರೆ ಜುಲೈ ಆಗಸ್ಟಿನ ಮಳೆ ತಿಂಗಳಲ್ಲಿ, ಹಪ್ಪಳಕ್ಕೆ ಗಿರಾಕಿ ಜಾಸ್ತಿ, ಆಗ ಕೊಡೋಣ ಅಂತ. ನಮ್ಮ ಕಡೆಯ ಜುಲೈ ಮಳೆ ನಿಮಗೆ ಗೊತ್ತಲ್ವಾ, ಒಗೆದ ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಗೋಡೆಗೇ ಬೆವರು. ಕಟ್ಟು ಬಿಚ್ಚಿದಾಗ ಹಪ್ಪಳ ಚಪಾತಿಯ ಹಾಗೆ ಬಾಗುತ್ತಿತ್ತು. ಒಂದರ ಮೇಲೆ ಒಂದು ಅಂಟಿ ಕೂತಿತ್ತು, ಅಂಚಿನಲ್ಲಿ ಬಿಳಿ ಬೂಷ್ಟು. ಎಲ್ಲವನ್ನೂ ಗೊಬ್ಬರದ ಗುಂಡಿಗೆ ಹಾಕಿದೆವು. ಹಲಸು ಕೊಯ್ದು ಇಳಿಸಿದ್ದು, ಮೇಣ ಒರೆಸಿ ಸೊಳೆ ಬಿಡಿಸಿದ್ದು, ಬೇಯಿಸಿ ರುಬ್ಬಿ ಒತ್ತಿದ್ದು, ಚಾಪೆಯಲ್ಲಿ ಹರಡಿ ಕಾಗೆ ಓಡಿಸುತ್ತಾ ಕೂತದ್ದು, ಒಂದು ವಾರದ ಐದು ಜನರ ಕೆಲಸ. ನಮ್ಮಲ್ಲಿ ಒಬ್ಬಳಿಗೆ ಆ ದುಡ್ಡಿನಲ್ಲಿ ಮಗನ ಕಾಲೇಜು ಫೀಸು ಕಟ್ಟಬೇಕಿತ್ತು. ಗುಂಡಿಯ ಹತ್ತಿರ ನಿಂತು ಅವಳು ಏನೂ ಮಾತಾಡಲಿಲ್ಲ.

ಹಾಗಾಗಿ "ಕಾಗದಕ್ಕೆ ಬನ್ನಿ" ಅಂತ ಹೇಳುವವರು ಒಂದು ವಿಷಯ ತಿಳಿದುಕೊಳ್ಳಬೇಕು. ತಿಂಡಿ ಹಾಳಾಗುವುದು ಒಂದೇ ದಾರಿಯಲ್ಲಿ ಅಲ್ಲ. ಹಪ್ಪಳಕ್ಕೆ ಶತ್ರು ನೀರಿನ ಪಸೆ. ಕಾಗದ ಪಸೆಯನ್ನು ತಡೆಯುವುದಿಲ್ಲ, ಕುಡಿಯುತ್ತದೆ. ಸೋಂಟೆಗೆ, ಬಾಳೆಕಾಯಿ ಚಿಪ್ಸಿಗೆ ಪಸೆಯ ಜೊತೆ ಗಾಳಿಯೂ ಶತ್ರು, ಬೆಳಕೂ ಶತ್ರು. ಎಣ್ಣೆಗೆ ಗಾಳಿಯ ಆಮ್ಲಜನಕ ಸೇರಿ ಕಮಟು ವಾಸನೆ ಬರುವುದು, ಬಿಸಿಲು ತಾಗಿದರೆ ಇನ್ನೂ ಬೇಗ. ದೊಡ್ಡ ಕಂಪನಿಗಳ ಚಿಪ್ಸ್ ಪೊಟ್ಟಣ ಉಬ್ಬಿಕೊಂಡು ಇರುತ್ತದಲ್ಲ, ಅದರೊಳಗೆ ಇರುವುದು ಬರೀ ಗಾಳಿ ಅಲ್ಲ, ನೈಟ್ರೋಜನ್. ಆಮ್ಲಜನಕ ಹೊರಗೆ ಹಾಕಲಿಕ್ಕೆ ಅದನ್ನು ತುಂಬುತ್ತಾರೆ. ಉಪ್ಪಿನಕಾಯಿಯ ಕಥೆ ಬೇರೆ, ಅಲ್ಲಿ ಉಪ್ಪು ಮತ್ತು ಹುಳಿ ಪಾತ್ರೆಯನ್ನೇ ತಿನ್ನುತ್ತವೆ, ಅದಕ್ಕೇ ಹಿಂದಿನವರು ಭರಣಿಗೆ ಹಾಕುತ್ತಿದ್ದರು.

ಸುರಂಗದಲ್ಲಿ ಸಿಕ್ಕ ಆ ಕವರಿನ ಮೂಲೆಯನ್ನು ನಾನು ಉಗುರಿನಿಂದ ಬಿಡಿಸಿ ನೋಡಿದೆ. ಈರುಳ್ಳಿಯ ಹಾಗೆ ಪದರ ಪದರ. ಹೊರಗೆ ಪಾಲಿಯೆಸ್ಟರಿನ ತೆಳು ಹಾಳೆ, ಅದರ ಒಳಬದಿಗೆ ಅಚ್ಚು, ನಡುವೆ ಅಲ್ಯುಮಿನಿಯಂ, ಒಳಗೆ ಬಿಸಿ ಮಾಡಿದರೆ ಅಂಟುವ ಪಾಲಿಥೀನ್. ಒಂದೊಂದು ಪದರಕ್ಕೂ ಒಂದೊಂದು ಕೆಲಸ, ಅದಕ್ಕೇ ತಿಂಡಿ ಆರು ತಿಂಗಳು ಕೆಡುವುದಿಲ್ಲ. ಆದರೆ ಮೂರನ್ನೂ ಅಂಟಿಸಿ ಬಿಟ್ಟ ಮೇಲೆ ಬೇರೆ ಮಾಡುವುದು ಕಷ್ಟ, ಮಾಡಿದರೂ ಲಾಭವಿಲ್ಲ. ಹಾಲಿನ ತೊಟ್ಟೆಯನ್ನು ಗುಜರಿಯವರು ತೂಕಕ್ಕೆ ತೆಗೆದುಕೊಳ್ಳುತ್ತಾರೆ, ಯಾಕೆಂದರೆ ಅದು ಪೂರ್ತಿ ಪಾಲಿಥೀನ್, ಕರಗಿಸಿ ಇನ್ನೊಂದು ಮಾಡಬಹುದು. ಹೊಳೆಯುವ ಕವರನ್ನು ಯಾರೂ ಮುಟ್ಟುವುದಿಲ್ಲ.

ಮನೆ ಮನೆಯಿಂದ ಪ್ಲಾಸ್ಟಿಕ್ ಕಸ ಸಂಗ್ರಹಿಸಲು ನಮ್ಮ ವಾರ್ಡಿಗೆ ಬರುವ ಹರಿತ ಕರ್ಮ ಸೇನೆಯ ಅಕ್ಕನನ್ನು ಕೇಳಿದೆ. ತಿಂಗಳಿಗೆ 50 ರೂಪಾಯಿ ಕೊಟ್ಟು ನಾವು ಚೀಲ ಕೊಡುತ್ತೇವೆ, ಮುಂದೆ ಏನಾಗುತ್ತದೆ ಅಂತ ನಾನೂ ಅಷ್ಟು ಯೋಚಿಸಿರಲಿಲ್ಲ. ಅವರು ಚೀಲವನ್ನು ನಮ್ಮ ಜಗಲಿಯಲ್ಲೇ ಕವುಚಿ ಹಾಕಿ ತೋರಿಸಿದರು. ಬಾಟಲಿ ಒಂದು ಕಡೆ, ಹಾಲಿನ ತೊಟ್ಟೆ ಒಂದು ಕಡೆ, ಚಿಪ್ಸು, ಬಿಸ್ಕತ್ತು, ಮಸಾಲೆ ಪುಡಿಯ ಕವರು ಎಲ್ಲ ಮೂರನೇ ರಾಶಿ. ಮೂರನೇ ರಾಶಿಯೇ ದೊಡ್ಡದು. "ಇದಕ್ಕೆ ಬೆಲೆ ಇಲ್ಲ ಅಕ್ಕಾ, ಸಿಮೆಂಟ್ ಫ್ಯಾಕ್ಟರಿಗೆ ಉರಿಸಲಿಕ್ಕೆ ಹೋಗುವುದು" ಅಂದರು. ಮತ್ತೆ ಒಂದು ಮಾತು ಸೇರಿಸಿದರು, ಒಳಗೆ ಎಣ್ಣೆ, ಮಸಾಲೆ ಮೆತ್ತಿಕೊಂಡೇ ಕೊಡುತ್ತಾರೆ, ವಾಸನೆಗೆ ಇಲಿ ಬರುತ್ತದೆ, ಬೇರೆ ಮಾಡುವಾಗ ಕೈಯೆಲ್ಲ ಜಿಡ್ಡು ಅಂತ. ನಮ್ಮ ಮನೆಯ ಚೀಲದಲ್ಲೂ ಅಂಥದ್ದು ಇತ್ತು. ಈಗ ನಾನು ತೊಳೆದು ಒಣಗಿಸಿಯೇ ಕೊಡುತ್ತೇನೆ.

ಕಾನೂನು ಇದೆಯಲ್ಲ ಅಂತ ನೀವು ಕೇಳಬಹುದು. ಇದೆ. ಗಡಿಯಲ್ಲಿ ಇರುವ ನಮಗೆ ಎರಡೆರಡು ರಾಜ್ಯದ ಕಾನೂನಿನ ಪರಿಚಯ ಇದೆ. ಕರ್ನಾಟಕ 2016ರ ಮಾರ್ಚಿನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ ನಿಷೇಧಿಸಿತು. ಕೇರಳದಲ್ಲಿ 2020ರ ಜನವರಿ 1ರಿಂದ. ಇಡೀ ದೇಶಕ್ಕೆ 2022ರ ಜುಲೈ 1ರಿಂದ ತಟ್ಟೆ, ಲೋಟ, ಚಮಚ, ಸ್ಟ್ರಾ, ಸಿಹಿ ತಿಂಡಿಯ ಪೆಟ್ಟಿಗೆಗೆ ಸುತ್ತುವ ತೆಳು ಹಾಳೆ ಎಲ್ಲ ಬಂದ್. ಅದೇ ವರ್ಷ ಡಿಸೆಂಬರ್ 31ರಿಂದ ಕೈಚೀಲ 120 ಮೈಕ್ರಾನಿಗಿಂತ ತೆಳುವಾಗಿರಬಾರದು. ಇದನ್ನೆಲ್ಲ ಅಂಗಡಿಯವರು ಬಾಯಿಪಾಠ ಹೇಳುತ್ತಾರೆ. ಆದರೆ ಗಮನಿಸಿ, ಈ ಪಟ್ಟಿಯಲ್ಲಿ ತಿಂಡಿಯ ಕವರೇ ಇಲ್ಲ. ತಿಂಡಿ ತುಂಬಿ ಸೀಲ್ ಮಾಡಿದ ಕವರಿಗೆ ಕೈಚೀಲದ ನಿಯಮ ತಾಗುವುದಿಲ್ಲ. ಅದಕ್ಕೆ ಬೇರೆ ನಿಯಮ, 2022ರ ಫೆಬ್ರವರಿಯಲ್ಲಿ ಬಂದದ್ದು, ಕವರು ಮಾರುಕಟ್ಟೆಗೆ ಬಿಟ್ಟವರೇ ಅದನ್ನು ವಾಪಸು ಸಂಗ್ರಹಿಸುವ ಹೊಣೆ ಹೊರಬೇಕು ಅಂತ. ಒಳ್ಳೆಯ ನಿಯಮ. ನಮ್ಮಂಥ ಸಣ್ಣ ಉದ್ಯಮದವರ ಬ್ರಾಂಡಿಗೆ ಅದರಲ್ಲಿ ವಿನಾಯಿತಿ ಇದೆ. ವಿನಾಯಿತಿ ಬೇಕಿತ್ತು, ಆ ಕಾಗದ ಪತ್ರ, ಲೆಕ್ಕ ಎಲ್ಲ ನಮ್ಮಿಂದ ಆಗುವುದಿಲ್ಲ. ಆದರೆ ಅದರಿಂದಾಗಿ ನಮ್ಮನ್ನು ಯಾರೂ ಏನೂ ಕೇಳುವುದಿಲ್ಲ, ನಾವೂ ಕೇಳಿಕೊಳ್ಳುವುದಿಲ್ಲ. ಈ ಜಿಲ್ಲೆಯಲ್ಲಿ ನಮ್ಮ ಹಾಗೆ ಹಪ್ಪಳ, ಚಿಪ್ಸ್, ಉಪ್ಪಿನಕಾಯಿ ಮಾಡುವ ಮನೆಗಳು, ಕುಟುಂಬಶ್ರೀ ಅನ್ನುವ ಮಹಿಳಾ ಸ್ವಸಹಾಯ ಗುಂಪುಗಳು ಎಷ್ಟಿಲ್ಲ?

ಇನ್ನು "ಮಣ್ಣಲ್ಲಿ ಕರಗುವ ಕವರು" ಅಂತ ಒಂದು ಬಂದಿದೆ. ಅದನ್ನೂ ತರಿಸಿದೆವು. ಹಸಿರು ಎಲೆಯ ಚಿತ್ರ, ಮುಟ್ಟಿದರೆ ಮೆತ್ತಗೆ. ಬೆಲೆ ಮಾತ್ರ ಮಾಮೂಲಿ ಕವರಿನ ಮೂರು ಪಾಲು. ಒಂದನ್ನು ಅಡಿಕೆ ತೋಟದಲ್ಲಿ ತೆಂಗಿನ ಬುಡದ ಗೊಬ್ಬರದಲ್ಲಿ ಹುಗಿದು, ಗುರುತಿಗೆ ಒಂದು ಗೂಟ ಹೊಡೆದೆ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆದು ಅಗೆದು ನೋಡಿದೆ. ಜೊತೆಗೆ ಹಾಕಿದ್ದ ಬಾಳೆ ಎಲೆ, ಅಡಿಕೆ ಹಾಳೆಯ ತುಂಡು, ಸೊಪ್ಪು ಎಲ್ಲ ಮಣ್ಣಾಗಿತ್ತು. ಕವರು ಸ್ವಲ್ಪ ಸುಕ್ಕಾಗಿತ್ತು ಅಷ್ಟೆ. ಬೇರು ಅದರ ಸುತ್ತ ಹಾದು ಹೋಗಿತ್ತು.

ಆಮೇಲೆ ತಿಳಿದವರನ್ನು ಕೇಳಿ ಅರ್ಥ ಮಾಡಿಕೊಂಡದ್ದು ಇಷ್ಟು. ಮೆಕ್ಕೆಜೋಳ, ಕಬ್ಬಿನಿಂದ ಮಾಡುವ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ ನಿಜವಾಗಿಯೂ ಕರಗುತ್ತದೆ, ಆದರೆ ಅದಕ್ಕೆ ಸುಮಾರು 60 ಡಿಗ್ರಿ ಬಿಸಿ ಇರುವ ದೊಡ್ಡ ಗೊಬ್ಬರದ ಘಟಕ ಬೇಕು. ಮನೆಯ ಗುಂಡಿಯಲ್ಲಿ ಅಷ್ಟು ಬಿಸಿ ನಿಲ್ಲುವುದಿಲ್ಲ. ಇನ್ನೊಂದು ಜಾತಿ ಇದೆ, ಮಾಮೂಲಿ ಪ್ಲಾಸ್ಟಿಕ್‌ಗೆ ಏನೋ ರಾಸಾಯನಿಕ ಸೇರಿಸಿ ಬೇಗ ಪುಡಿಯಾಗುವ ಹಾಗೆ ಮಾಡುವುದು. ಅದು ಕರಗುವುದಲ್ಲ, ಕಣ್ಣಿಗೆ ಕಾಣದಷ್ಟು ಸಣ್ಣ ಚೂರಾಗುವುದು. ಯುರೋಪಿಯನ್ ಒಕ್ಕೂಟದ ದೇಶಗಳು 2021ರಿಂದ ಅದನ್ನು ಮಾರುವುದೇ ನಿಲ್ಲಿಸಿವೆ. ನಮ್ಮಲ್ಲಿ ಗೊಬ್ಬರವಾಗುವ ಪ್ಲಾಸ್ಟಿಕ್ ಅಂತ ಮಾರಬೇಕಾದರೆ ಐಎಸ್‌ಒ 17088 ಅನ್ನುವ ಮಾನದಂಡಕ್ಕೆ ಹೊಂದಬೇಕು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಬೇಕು. ನನ್ನ ಹಾಗೆ ಕವರು ಕೊಳ್ಳುವವರಿಗೆ ಹೇಳುತ್ತೇನೆ, ಎಲೆಯ ಚಿತ್ರ ನೋಡಿ ದುಡ್ಡು ಕೊಡಬೇಡಿ, ಪ್ರಮಾಣಪತ್ರ ಕೇಳಿ. ಅದಿದ್ದರೂ ನಿಮ್ಮ ಊರಲ್ಲಿ ಅದನ್ನು ಕರಗಿಸುವ ಘಟಕ ಇದೆಯಾ ಅಂತ ನೋಡಿ. ಇಲ್ಲದಿದ್ದರೆ ಅದೂ ಕರ್ಮ ಸೇನೆಯ ಮೂರನೇ ರಾಶಿಗೇ ಸೇರುವುದು.

ಹಾಗಾದರೆ ಏನು ಮಾಡಬೇಕು ಅಂತ ನಾವು ಐದು ಜನ ಕೂತು ಲೆಕ್ಕ ಹಾಕಿದೆವು. ಲೆಕ್ಕ ಅಂದರೆ ಬೇರೇನೂ ಅಲ್ಲ, ನಮ್ಮ ಯಾವ ತಿಂಡಿ ಎಲ್ಲಿಗೆ ಹೋಗುತ್ತದೆ, ಎಷ್ಟು ದಿನದಲ್ಲಿ ಮುಗಿಯುತ್ತದೆ ಅಂತ ಒಂದು ತಿಂಗಳು ಪುಸ್ತಕದಲ್ಲಿ ಬರೆದು ಇಟ್ಟೆವು. ನೋಡಿದರೆ ಸೋಂಟೆಯ ಮುಕ್ಕಾಲು ಪಾಲು ಬದಿಯಡ್ಕ, ನೀರ್ಚಾಲು, ಪೆರ್ಲ, ಕುಂಬಳೆಯ ಅಂಗಡಿಗಳಲ್ಲೇ ಖರ್ಚಾಗುತ್ತದೆ, ಅದೂ ಒಂದು ವಾರದೊಳಗೆ. ಹುರಿದ ಕಡಾಯಿಯಿಂದ ಹೆಚ್ಚು ದೂರವೇನೂ ಇಲ್ಲ. ಅಂಥ ತಿಂಡಿಗೆ ನಾವು ಹಾಕುತ್ತಿದ್ದದ್ದು ದುಬೈಗೆ ಕಳಿಸುವ ಕವರು! ಆರು ದಿನದಲ್ಲಿ ತಿಂದು ಮುಗಿಸುವ ತಿಂಡಿಗೆ ಆರು ತಿಂಗಳು ಕಾಯುವ ಕವರು ಯಾಕೆ? ಅಂಗಡಿಯ ಹಲಗೆಯಲ್ಲಿ ಹೊಳೆಯಬೇಕು, ಬೇರೆಯವರದ್ದು ಹೊಳೆಯುತ್ತದೆ, ನಮ್ಮದೂ ಹೊಳೆಯಲಿ, ಅಷ್ಟೇ ಕಾರಣ. ಬೇರೆ ಕಾರಣ ಹುಡುಕಿದರೂ ಸಿಗಲಿಲ್ಲ.

ಈ ಪತ್ರದಲ್ಲಿ ನಾನು ಹೇಳಬೇಕಾದ ಮುಖ್ಯ ವಿಷಯ ಇದೇ. ಯಾವ ಕವರು ಒಳ್ಳೆಯದು ಅಂತ ಕೇಳುವ ಮೊದಲು, ಈ ತಿಂಡಿ ಎಷ್ಟು ದಿನ ಉಳಿಯಬೇಕು ಅಂತ ಕೇಳಿ. ಅದು ಗೊತ್ತಾದರೆ ಅರ್ಧ ಕವರು ಬೇಕಾಗುವುದೇ ಇಲ್ಲ.

ಊರಿನ ಅಂಗಡಿಗೆ ಹೋಗುವ ಸೋಂಟೆಯನ್ನು ಈಗ ತಗಡಿನ ಡಬ್ಬದಲ್ಲಿ ಕೊಡುತ್ತೇವೆ. ಹಿಂದೆ ಬಿಸ್ಕತ್ತು ಬರುತ್ತಿತ್ತಲ್ಲ, ಚೌಕ ಡಬ್ಬ, ಮೇಲೆ ದುಂಡು ಮುಚ್ಚಳ, ಅಂಥದ್ದು. ಒಳಗೆ ಬಟರ್ ಪೇಪರ್ ಹಾಸುತ್ತೇವೆ. ಅಂಗಡಿಯವರು ಗಿರಾಕಿಗೆ ತೂಗಿ ಕಾಗದದ ಪೊಟ್ಟಣದಲ್ಲಿ ಕೊಡುತ್ತಾರೆ, ಖಾಲಿ ಡಬ್ಬ ನಮಗೆ ವಾಪಸು. ತಗಡು ಗಾಳಿ, ಪಸೆ, ಬೆಳಕು ಮೂರನ್ನೂ ತಡೆಯುತ್ತದೆ, ಆ ಮೂರು ಪದರದ ಕವರಿನ ಹಾಗೆಯೇ. ಮೊದಲು ಐದು ಕಿಲೋದ ಡಬ್ಬ ಕೊಟ್ಟೆವು. ಬೇಸಿಗೆಯಲ್ಲಿ ಸರಿ ಹೋಯಿತು, ಜೂನ್ ಬಂದದ್ದೇ ತೊಂದರೆ, ದಿನಕ್ಕೆ ಹತ್ತು ಸಲ ಮುಚ್ಚಳ ತೆಗೆದರೆ ತಳದ ಸೋಂಟೆ ಮೆತ್ತಗಾಗುತ್ತದೆ. ಈಗ ಮಳೆಗಾಲದಲ್ಲಿ ಎರಡು ಕಿಲೋದ ಸಣ್ಣ ಡಬ್ಬ, ಎರಡು ದಿನಕ್ಕೊಮ್ಮೆ ಬದಲಿಸುತ್ತೇವೆ. ಬಿಡಿಯಾಗಿ ಮಾರುವಾಗ ತಾರೀಕು ಹೇಗೆ ಅಂತ ಕೆಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಸಿಹಿ ತಿಂಡಿ ಅಂಗಡಿಗಳು ಬಿಡಿ ತಿಂಡಿಗೂ ಎಷ್ಟು ದಿನದೊಳಗೆ ತಿನ್ನಬೇಕು ಅಂತ ಬರೆದು ಇಡಬೇಕು ಅನ್ನುವ ನಿಯಮ 2020ರ ಅಕ್ಟೋಬರ್ 1ರಿಂದ ಇದೆ. ನಾವು ಅದನ್ನೇ ಮಾದರಿ ಮಾಡಿಕೊಂಡು ಡಬ್ಬದ ಕುತ್ತಿಗೆಗೆ ಒಂದು ರಟ್ಟಿನ ಚೀಟಿ ಕಟ್ಟುತ್ತೇವೆ, ಹುರಿದ ದಿನ, ತಿನ್ನಬೇಕಾದ ಕೊನೆಯ ದಿನ, ಯಾವ ಎಣ್ಣೆ, ನಮ್ಮ ಪರವಾನಗಿ ನಂಬರು.

ಉಪ್ಪಿನಕಾಯಿಗೆ ಗಾಜಿನ ಬಾಟಲಿ. 20 ರೂಪಾಯಿ ಜಾಸ್ತಿ ತೆಗೆದುಕೊಳ್ಳುತ್ತೇವೆ, ಬಾಟಲಿ ತಂದರೆ 20 ರೂಪಾಯಿ ಕೈಗೆ. ಇದು ನಮ್ಮ ಹೊಸ ಉಪಾಯ ಅಲ್ಲ. ಗೋಲಿ ಸೋಡಾ ಕುಡಿದು ಬಾಟಲಿಯನ್ನು ಅಂಗಡಿಯಲ್ಲೇ ಇಟ್ಟು ಬರುತ್ತಿದ್ದೆವಲ್ವಾ? ನೀಲಗಿರಿ ಜಿಲ್ಲೆಯಲ್ಲಿ 2022ರಿಂದ ಸರಕಾರಿ ಮದ್ಯದಂಗಡಿಯ ಬಾಟಲಿಗೆ 10 ರೂಪಾಯಿ ಜಾಸ್ತಿ ತೆಗೆದುಕೊಂಡು ಖಾಲಿ ಬಾಟಲಿ ತಂದವರಿಗೆ ವಾಪಸು ಕೊಡುತ್ತಿದ್ದಾರೆ, ಕಾಡಿನಲ್ಲಿ ಒಡೆದ ಗಾಜು ತುಳಿದು ಆನೆಗಳಿಗೆ ಗಾಯವಾಗುವುದು ನಿಲ್ಲಬೇಕು ಅಂತ. ಮದ್ಯಕ್ಕೆ ಆಗುವುದಾದರೆ ಉಪ್ಪಿನಕಾಯಿಗೆ ಯಾಕಾಗಬಾರದು? ಗಾಜಿನಲ್ಲೂ ಕಷ್ಟ ಇದೆ. ಭಾರ, ಒಡೆಯುತ್ತದೆ, ದೂರದ ಪಾರ್ಸೆಲಿಗೆ ಸಾಗಿಸುವ ಖರ್ಚೇ ಜಾಸ್ತಿ. ಒಂದು ಸಲ ಬಳಸಿ ಎಸೆಯುವ ಗಾಜಿನಿಂದ ಯಾರಿಗೂ ಉಪಕಾರ ಇಲ್ಲ, ಗಾಜು ಮಾಡಲು ಕುಲುಮೆಯ ಬೆಂಕಿ ಎಷ್ಟು ಬೇಕು ಯೋಚಿಸಿ. ಹತ್ತು ಸಲ ತುಂಬಿದರೆ ಮಾತ್ರ ಅದರ ಬೆಲೆ. ಅದಕ್ಕೇ ಬಾಟಲಿ ಊರಿನ ಅಂಗಡಿಗೆ ಮಾತ್ರ.

ಬೆಂಗಳೂರು, ಮುಂಬೈಗೆ ಪಾರ್ಸೆಲ್ ಹೋಗುವ ಹಪ್ಪಳ, ಸೋಂಟೆಗೆ ಪ್ಲಾಸ್ಟಿಕ್ ಬೇಕೇ ಬೇಕು, ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಒಂದೇ ಜಾತಿಯ ಪ್ಲಾಸ್ಟಿಕ್, ಪಾಲಿಪ್ರೊಪಿಲೀನ್, ತ್ರಿಕೋನದ ಒಳಗೆ 5 ಅಂತ ಅಚ್ಚು ಇರುತ್ತದೆ. ಪಸೆಯನ್ನು ಚೆನ್ನಾಗಿ ತಡೆಯುತ್ತದೆ. ಗಾಳಿಯನ್ನು ಅಷ್ಟು ತಡೆಯುವುದಿಲ್ಲ, ಪಾರದರ್ಶಕವಾದ್ದರಿಂದ ಬೆಳಕೂ ಒಳಗೆ ಬರುತ್ತದೆ, ಬೆಳಕು ತಡೆಯಲಿಕ್ಕೆ ಹೊರಗೆ ಒಂದು ರಟ್ಟಿನ ಪೆಟ್ಟಿಗೆ. ಹೆಸರು, ಅಡ್ರೆಸ್, ತಾರೀಕು ಎಲ್ಲ ರಟ್ಟಿನ ಮೇಲೆ, ಕವರಿಗೆ ಆ 5ರ ಗುರುತು ಬಿಟ್ಟರೆ ಬೇರೆ ಅಚ್ಚೂ ಇಲ್ಲ, ಸ್ಟಿಕ್ಕರೂ ಇಲ್ಲ. ಹಾಗಿದ್ದರೆ ಗುಜರಿಯವರಿಗೆ ಬೇಕಾಗುತ್ತದೆ. ಮೊದಲಿನ ಕವರಿನಲ್ಲಿ ಆರು ತಿಂಗಳು ಅಂತ ಬರೆಯುತ್ತಿದ್ದೆವು, ಇದರಲ್ಲಿ ಸೋಂಟೆಗೆ ಎರಡೇ ತಿಂಗಳು ಅಂತ ಬರೆಯುತ್ತೇವೆ. ಒಂದು ದೊಡ್ಡ ಅಂಗಡಿಯವರು ಇದಕ್ಕೇ ನಮ್ಮ ಮಾಲು ಬೇಡ ಅಂದರು. ಬೇಸರವಾಯಿತು. ಆದರೆ ಎರಡು ತಿಂಗಳ ಸೋಂಟೆ ಆರು ತಿಂಗಳದ್ದಕ್ಕಿಂತ ರುಚಿ ಅನ್ನುವುದು ತಿಂದವರಿಗೆ ಗೊತ್ತು.

ನಮ್ಮ ಅತ್ತೆಗೆ ಎಂಬತ್ತು ದಾಟಿದೆ. ಈ ಕವರಿನ ಮಾತೆಲ್ಲ ಕೇಳಿ ಅವರು ಅಕ್ಕಿ ಮುಡಿಯ ಕಥೆ ಹೇಳಿದರು. 42 ಸೇರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಲ್ಲೇ ಬಿಗಿದು ಕಲ್ಲಿನ ಹಾಗೆ ಮುಡಿ ಕಟ್ಟುತ್ತಿದ್ದರು. ಅಟ್ಟದಲ್ಲಿ ಒಲೆಯ ಹೊಗೆ ತಾಗುವ ಕಡೆ ಇಟ್ಟರೆ ಮಳೆಗಾಲ ಪೂರ್ತಿ ಹುಳು ಬರುತ್ತಿರಲಿಲ್ಲ, ಬಿಚ್ಚಿದ ಹುಲ್ಲು ದನದ ಹಟ್ಟಿಗೆ. ಮೂಡೆಗೆ ಮುಂಡುಕದ ಓಲೆ, ಕೊಟ್ಟೆ ಕಡುಬಿಗೆ ಹಲಸಿನ ಎಲೆ, ಗೆಣಸಲೆಗೆ ಅರಶಿನದ ಎಲೆ. ಕೇಳಲು ಖುಷಿ. ಈಗ ಭತ್ತದ ಗದ್ದೆಯೇ ಕಡಿಮೆ, ಮುಡಿ ಕಟ್ಟಲು ಬರುವವರೂ ಕಡಿಮೆ, ಅದನ್ನೇ ವಾಪಸು ತನ್ನಿ ಅಂತ ನಾನು ಹೇಳುವುದಿಲ್ಲ. ಆದರೆ ಆ ದಿನವೇ ತಿನ್ನುವ ತಿಂಡಿಗೆ ಎಲೆ ಈಗಲೂ ಸಾಕು. ಹೋಟೆಲಿನಿಂದ ಬಿಸಿ ಇಡ್ಲಿ, ಪುಂಡಿ ಕಟ್ಟಿಸಿಕೊಳ್ಳುವಾಗ ಬಾಡಿಸಿದ ಬಾಳೆ ಎಲೆ ಕೇಳಿ, ಇಲ್ಲವೇ ಮನೆಯಿಂದ ತೂಕುಪಾತ್ರೆ (ಹಿಡಿ ಇರುವ ಪಾತ್ರೆ) ಒಯ್ಯಿರಿ.

ಹಾಳೆ ತಟ್ಟೆಯ ಬಗ್ಗೆ ಒಂದು ಮಾತು ಹೇಳದಿದ್ದರೆ ತಪ್ಪಾಗುತ್ತದೆ. ನಮ್ಮ ಅಡಿಕೆ ತೋಟದಲ್ಲಿ ಬಿದ್ದ ಹಾಳೆಯನ್ನೇ ಒತ್ತಿ ಮಾಡುವ ತಟ್ಟೆ, ಅದರಿಂದ ಬದುಕುವ ಮನೆಗಳು ಇಲ್ಲಿ ಬಹಳ ಇವೆ. 2025ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ, ಹಾಳೆಯಲ್ಲಿ ಸಹಜವಾಗಿ ಇರುವ ಅಡಿಕೆಯ ಆಲ್ಕಲಾಯ್ಡ್ ಅನ್ನುವ ರಾಸಾಯನಿಕಗಳು ಊಟಕ್ಕೆ ಇಳಿಯಬಹುದು ಅಂತ ಹೇಳಿ ಆ ತಟ್ಟೆಯನ್ನು ಊಟಕ್ಕೆ ಬಳಸಬಾರದು ಅಂದಿತು. ಹಾಳೆಯಲ್ಲಿ ಉಂಡು ಬೆಳೆದ ನಮಗೆ ಇದು ಕೇಳಿ ನೋವಾಯಿತು. ನೋವಾಯಿತು ಅಂತ ಸುಮ್ನೆ ಕೂರಬಾರದು. 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಶುರುವಾದ ಸಿಪಿಸಿಆರ್‌ಐ ನಮ್ಮ ಕಾಸರಗೋಡಿನಲ್ಲೇ ಇದೆ, ತೆಂಗು, ಅಡಿಕೆ ಎರಡನ್ನೂ ಬಲ್ಲ ವಿಜ್ಞಾನಿಗಳು ಅಲ್ಲಿದ್ದಾರೆ. ಬಿಸಿ ಸಾರು, ಹುಳಿ, ಎಣ್ಣೆ ಹಾಕಿದಾಗ ಹಾಳೆಯಿಂದ ಎಷ್ಟು ಇಳಿಯುತ್ತದೆ, ತೊಳೆದು ಬೇಯಿಸಿದರೆ ಎಷ್ಟು ಕಡಿಮೆಯಾಗುತ್ತದೆ ಅನ್ನುವುದನ್ನು ಜನರಿಗೆ ಅರ್ಥವಾಗುವ ಹಾಗೆ, ಮಲಯಾಳದ ಜೊತೆ ಕನ್ನಡದಲ್ಲೂ ಹೇಳಿದರೆ ಬಹಳ ಉಪಕಾರ. ಒಳ್ಳೆಯದು ಅಂತ ನಾವು ನಂಬಿದ್ದನ್ನೂ ಪರೀಕ್ಷೆ ಮಾಡಿಯೇ ಬಳಸಬೇಕು.

ಇನ್ನೊಂದು, ಇದು ನಿಮ್ಮ ಪತ್ರಿಕೆಗೂ ಸಂಬಂಧಪಟ್ಟದ್ದು. ಪ್ಲಾಸ್ಟಿಕ್ ಬೇಡ ಅಂದ ಮೇಲೆ ಕೆಲವು ಗೂಡಂಗಡಿಗಳಲ್ಲಿ ಬಿಸಿ ಬಜ್ಜಿ, ಪೋಡಿಯನ್ನು ಹಳೆ ಪೇಪರಿನಲ್ಲಿ ಕಟ್ಟಿ ಕೊಡುತ್ತಾರೆ. ಎಣ್ಣೆಗೆ ಶಾಯಿ ಬಿಟ್ಟುಕೊಂಡು ಪೋಡಿಯ ಮೇಲೆ ಅಕ್ಷರ ಮೂಡಿದ್ದನ್ನು ನಾನೇ ನೋಡಿದ್ದೇನೆ. ಆಹಾರ ಸುರಕ್ಷತೆಯ 2018ರ ನಿಯಮದಲ್ಲಿ ಪತ್ರಿಕೆಯ ಕಾಗದದಲ್ಲಿ ತಿಂಡಿ ಕಟ್ಟಬಾರದು ಅಂತ ಸ್ಪಷ್ಟವಾಗಿ ಇದೆ. ನೀವು ನಿಮ್ಮ ಪತ್ರಿಕೆಯ ಒಂದು ಮೂಲೆಯಲ್ಲಿ "ಈ ಕಾಗದದಲ್ಲಿ ಆಹಾರ ಕಟ್ಟಬೇಡಿ" ಅಂತ ದಿನಾ ಒಂದು ಸಾಲು ಅಚ್ಚು ಹಾಕಬಹುದಲ್ವಾ?

ಪಂಚಾಯತಿನವರಿಗೂ ಒಂದೆರಡು ಕೋರಿಕೆ. ಸಣ್ಣವರಿಗೆ ಒಳ್ಳೆಯ ಕವರು ಸಿಗದೆ ಇರುವುದಕ್ಕೆ ದೊಡ್ಡ ಕಾರಣ, ಮಾರುವವರು ಹತ್ತು ಸಾವಿರಕ್ಕಿಂತ ಕಡಿಮೆ ಕೊಡುವುದಿಲ್ಲ ಅನ್ನುತ್ತಾರೆ. ನಮಗೆ ಬೇಕಾದದ್ದು ಐನೂರು. ಆಗ ಪೇಟೆಯಲ್ಲಿ ಬಿಡಿಯಾಗಿ ಸಿಗುವ ಹೊಳೆಯುವ ಕವರೇ ಗತಿ. ಎರಡು ಮೂರು ಪಂಚಾಯತಿನ ಕುಟುಂಬಶ್ರೀ ಗುಂಪುಗಳಿಗೆಲ್ಲ ಸೇರಿಸಿ ಒಂದೇ ಅಳತೆಯ ಕವರು, ಒಂದೇ ಅಳತೆಯ ಬಾಟಲಿ, ಡಬ್ಬ ಒಟ್ಟಿಗೆ ತರಿಸಿ ಕೊಡಿ. ಎಲ್ಲರ ಬಾಟಲಿ ಒಂದೇ ಅಳತೆಯದ್ದಾದರೆ ಪೆರ್ಲದಲ್ಲಿ ಕೊಂಡದ್ದನ್ನು ಕುಂಬಳೆಯಲ್ಲಿ ವಾಪಸು ಕೊಡಬಹುದು. ಮತ್ತೆ ಕರ್ಮ ಸೇನೆಯ ಚೀಟಿ, ಯಾವ ತಿಂಗಳು ಏನು ಕೊಡಬೇಕು ಅನ್ನುವ ಪಟ್ಟಿ, ಕನ್ನಡದಲ್ಲೂ ಬೇಕು. ನಮ್ಮ ಅತ್ತೆ ಮಲಯಾಳ ಮಾತಾಡುತ್ತಾರೆ, ಓದಲು ಬರುವುದಿಲ್ಲ. ಆ ತಲೆಯವರು ಇಲ್ಲಿ ಮನೆ ಮನೆಯಲ್ಲೂ ಇದ್ದಾರೆ, ಚೀಲ ಕಟ್ಟಿ ಇಡುವ ಕೆಲಸ ಹೆಚ್ಚಾಗಿ ಅವರದ್ದೇ.

ಮದುವೆಯಂಥ ಜಂಬರಕ್ಕೆ ನಮ್ಮಲ್ಲಿ ಸೋಂಟೆ, ಹಪ್ಪಳ ಹೇಳುವವರಿಗೆ ನಾವು ಈಗ ಡಬ್ಬ ನೀವೇ ತನ್ನಿ ಅನ್ನುತ್ತಿದ್ದೇವೆ. ಮೊದಲ ಸಲ ಕೆಲವರಿಗೆ ಇಷ್ಟವಾಗಲಿಲ್ಲ. ಈಗ ಅವರೇ ಹಿಂದಿನ ದಿನ ಡಬ್ಬ ತಂದಿಟ್ಟು ಹೋಗುತ್ತಾರೆ. ಉಪ್ಪಿನಕಾಯಿಯ ನೂರು ಬಾಟಲಿ ಹೋದರೆ ಅರವತ್ತರ ಹತ್ತಿರ ವಾಪಸು ಬರುತ್ತಿದೆ, ಉಳಿದದ್ದರಲ್ಲಿ ಯಾರ ಮನೆಯಲ್ಲೋ ಸಾಸಿವೆ, ಮೆಂತೆ ತುಂಬಿರಬಹುದು, ಅದಕ್ಕೆ ನಮ್ಮ ಬೇಜಾರಿಲ್ಲ.

ಬಾಟಲಿ ತರುವವರಿಗೆ ಮಾತ್ರ ಒಂದು ವಿನಂತಿ. ತೊಳೆದು, ಬಿಸಿಲಿಗೆ ಕವುಚಿ ಇಟ್ಟು, ಮುಚ್ಚಳ ಬೇರೆ ಬಾಟಲಿ ಬೇರೆ ತನ್ನಿ. ಬಿಗಿಯಾಗಿ ಮುಚ್ಚಿ ತಂದರೆ ಒಳಗೆ ವಾಸನೆ ಕೂರುತ್ತದೆ, ನಾವು ಎಷ್ಟು ಕುದಿಸಿದರೂ ಹೋಗುವುದಿಲ್ಲ. ಮುಚ್ಚಳವನ್ನು ನಾವು ಹೇಗೂ ಹೊಸದೇ ಹಾಕುತ್ತೇವೆ. ಬಾಟಲಿಯ ಬಾಯಿ ಚೂರು ಹಾರಿದ್ದರೆ ಅಂಗಡಿಯಲ್ಲಿ ಹೇಳಿ ಕೊಡಿ, 20 ರೂಪಾಯಿ ಅದಕ್ಕೂ ಕೊಡುತ್ತೇವೆ.

ಇತಿ,
ಹಪ್ಪಳದ ಗುಂಪಿನವರಲ್ಲಿ ಒಬ್ಬಳು,
ನೀರ್ಚಾಲು, ಕಾಸರಗೋಡು ಜಿಲ್ಲೆ